ಗೂಸ್‌ಗಾಗ್ ಎಂದರೆ ಯಾವ ಹಣ್ಣು?

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರ ಪತ್ರಗಳಲ್ಲಿ ಬೇಸಿಗೆ ಬಂತೆಂದರೆ ಹಣ್ಣಿನ ಮಾತು ಹೆಚ್ಚುತ್ತದೆ. ಅಂಗಡಿಯ ಚೀಟಿಯಲ್ಲಿ ಕಾಣದ, ಬೇಲಿಯಾಚೆಯಿಂದ ಮಾತ್ರ ಕೇಳಿಬರುವ ಹೆಸರುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆಂದು ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಅಲ್ಲಲ್ಲಿ ನನ್ನ ಹಟವೂ ಸೇರಿದೆ, ಸಹಿಸಿಕೊಳ್ಳಿ.

ಪ್ರಶ್ನೆ: ಊರಂಚಿನಲ್ಲಿ ಒಂದು ತುಂಡು ನೆಲ ಬಾಡಿಗೆಗೆ ಪಡೆದು ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿದ್ದೇನೆ. ಇಲ್ಲಿ ಇದಕ್ಕೆ ಅಲಾಟ್‌ಮೆಂಟ್ ಅನ್ನುತ್ತಾರೆ. ಪಕ್ಕದ ತುಂಡಿನ ಹಿರಿಯರೊಬ್ಬರು ಐಸ್‌ಕ್ರೀಮ್ ಡಬ್ಬಿ ತುಂಬ ಹಸಿರು ಕಾಯಿ ಕೊಟ್ಟು ‘ಗೂಸ್‌ಗಾಗ್ಸ್’ ಎಂದರು. ಮೈಮೇಲೆ ಸಣ್ಣ ರೋಮ, ಉದ್ದುದ್ದ ಗೆರೆ, ಬಾಯಿಗಿಟ್ಟರೆ ಜುಮ್ಮೆನ್ನುವ ಹುಳಿ. ಹುಡುಕಿ ನೋಡಿದರೆ ಗೂಸ್‌ಬೆರಿಯಂತೆ. ಹಾಗಾದರೆ ಇದು ನಮ್ಮ ನೆಲ್ಲಿಕಾಯಿಯೇ? ಗೂಸ್‌ಗಾಗ್ ಎನ್ನುವುದು ಮಕ್ಕಳ ತೊದಲೇ? ನಾನು ಹಾಗೆ ಅಂದರೆ ನಗುತ್ತಾರೆಯೇ?
— ಓದುಗರು, ಕಾವೆಂಟ್ರಿ

ಉತ್ತರ: ಮೊದಲು ನೆಲ್ಲಿಯ ಲೆಕ್ಕ ತೀರಿಸಿಬಿಡೋಣ. ನಿಮ್ಮ ಡಬ್ಬಿಯಲ್ಲಿರುವುದು ನೆಲ್ಲಿಯಲ್ಲ, ನೆಲ್ಲಿಯ ದೂರದ ನೆಂಟನೂ ಅಲ್ಲ. ಬೆಟ್ಟದ ನೆಲ್ಲಿ ಮರದ ಕಾಯಿ, ಒಳಗೆ ಗಟ್ಟಿ ಗೊರಟೆ. ಗೂಸ್‌ಬೆರಿ ಸೊಂಟದೆತ್ತರದ ಮುಳ್ಳುಪೊದೆಯ ಹಣ್ಣು, ಒಳಗೆ ಲೋಳೆಯಲ್ಲಿ ಮುಳುಗಿದ ಸಣ್ಣ ಸಣ್ಣ ಬೀಜ. ಅದರ ನಿಜವಾದ ಬಂಧುಗಳು ಕಪ್ಪು ಕರಂಟ್, ಕೆಂಪು ಕರಂಟ್. ಇಂಡಿಯಾಕ್ಕೆ ಬಂದ ಇಂಗ್ಲಿಷರು ನೆಲ್ಲಿಯ ಬಣ್ಣ, ಗೆರೆ, ಹುಳಿ ಕಂಡು ಅದನ್ನು ‘ಇಂಡಿಯನ್ ಗೂಸ್‌ಬೆರಿ’ ಎಂದರು. ನಮ್ಮ ಶಾಲೆಗಳಲ್ಲಿ ‘ಇಂಡಿಯನ್’ ಉದುರಿಹೋಗಿ ಗೂಸ್‌ಬೆರಿ ಎಂದರೆ ನೆಲ್ಲಿಕಾಯಿ ಎಂದೇ ಕಲಿತೆವು. ಕಂಡಕಂಡ ಹಣ್ಣಿಗೆಲ್ಲ ಈ ಹೆಸರು ಅಂಟಿಸುವ ಚಾಳಿ ಇಂಗ್ಲಿಷಿಗೆ ಹಳೆಯದು. ದಕ್ಷಿಣ ಅಮೆರಿಕದ ಫೈಸಾಲಿಸ್ ‘ಕೇಪ್ ಗೂಸ್‌ಬೆರಿ’ಯಾಯಿತು. ಚೀನಾದಿಂದ ನ್ಯೂಜಿಲೆಂಡಿಗೆ ಹೋದ ಇನ್ನೊಂದು ಹಣ್ಣು ‘ಚೈನೀಸ್ ಗೂಸ್‌ಬೆರಿ’ ಅನ್ನಿಸಿಕೊಂಡು, 1959ರಲ್ಲಿ ರಫ್ತು ವ್ಯಾಪಾರಿಗಳ ಕೈಯಲ್ಲಿ ಕೀವಿ ಎಂದು ಮರುನಾಮಕರಣಗೊಂಡಿತು.

ಗೂಸ್‌ಗಾಗ್ ಮಕ್ಕಳ ಬಾಯಲ್ಲಿ ಹೆಚ್ಚು ಓಡಾಡಿದ ಮಾತು ನಿಜ. ಹಾಗೆಂದು ನಿನ್ನೆ ಮೊನ್ನೆಯದಲ್ಲ. 19ನೇ ಶತಮಾನದ ಪ್ರಾಂತೀಯ ಪದಸಂಗ್ರಹಗಳಲ್ಲೇ ಅದಕ್ಕೆ ಜಾಗ ಸಿಕ್ಕಿದೆ. ನಿಮ್ಮ ಮಿಡ್‌ಲ್ಯಾಂಡ್ಸ್‌ನಲ್ಲಿ ಅಜ್ಜಂದಿರೂ ಸಂಕೋಚವಿಲ್ಲದೆ ಅನ್ನುತ್ತಾರೆ. ಲ್ಯಾಂಕಾಶೈರ್ ಕಡೆ ‘ಗೂಸ್‌ಗಾಬ್’ ಎಂದೂ ಉಂಟು. ಸ್ಕಾಟ್ಲೆಂಡಿಗೆ ಹೋದರೆ ಹಣ್ಣು ಅದೇ, ಮಾತು ಪೂರ್ತಿ ಬೇರೆ: ‘ಗ್ರೋಝೆಟ್’. ಇದು ಫ್ರೆಂಚರ ‘ಗ್ರೋಸೇ’ಯಿಂದ ಬಂದದ್ದು. ಕಿಲ್‌ಮಾರ್ನಾಕ್ ಊರಿನ ಹಳೆಯ ಜಾತ್ರೆಯೊಂದಕ್ಕೆ ಗ್ರೋಝೆಟ್ ಜಾತ್ರೆ ಎಂದೇ ಹೆಸರಿತ್ತು. ವೆಲ್ಷ್ ಭಾಷೆಯವರು ‘ಐರಿನ್ ಮೈರ್’ ಅನ್ನುತ್ತಾರೆ, ಮೇರಿಮಾತೆಯ ಪ್ಲಮ್ ಎಂದು ಅರ್ಥ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಫೇಬೆರಿ’. ಜಾನ್ ಜೆರಾರ್ಡ್ 1597ರಲ್ಲಿ ಪ್ರಕಟಿಸಿದ ದೊಡ್ಡ ಸಸ್ಯಗ್ರಂಥದಲ್ಲಿ, ತನ್ನ ಹುಟ್ಟೂರಿನ ಸೀಮೆಯಾದ ಚೆಶೈರ್‌ನಲ್ಲಿ ಗೂಸ್‌ಬೆರಿಗೆ ಹೀಗೆ ಅನ್ನುತ್ತಾರೆಂದು ಬರೆದಿಟ್ಟ. ಲಂಡನ್ನಿನಲ್ಲಿ ಹೆಸರು ಮಾಡಿದ ಮೇಲೂ ಊರಿನ ಮಾತನ್ನು ಬಿಡದ ಆಸಾಮಿ. ನಂತರ ಬಂದ ಗಿಡಮೂಲಿಕೆಯ ನಿಕೊಲಸ್ ಕಲ್ಪೆಪರ್, ಸಸೆಕ್ಸ್‌ನಲ್ಲಿ ‘ಡ್ಯೂಬೆರಿ’, ಬೇರೆ ಕೆಲವೆಡೆ ‘ವೈನ್‌ಬೆರಿ’ ಎನ್ನುತ್ತಾರೆಂದು ಸೇರಿಸಿದ. ಇಲ್ಲೊಂದು ಎಚ್ಚರಿಕೆ ಬೇಕು. ಉಳಿದ ಇಂಗ್ಲೆಂಡಿನಲ್ಲಿ ಡ್ಯೂಬೆರಿ ಎಂದರೆ ಬ್ಲ್ಯಾಕ್‌ಬೆರಿಯ ಜಾತಿಯ ಇನ್ನೊಂದು ಹಣ್ಣು. ಹಳೆಯ ಅಡುಗೆ ಪುಸ್ತಕ ಹಿಡಿದು ಕೂತವರು ಎಡವುವುದು ಇಂಥಲ್ಲೇ.

ಹಣ್ಣಿಗೂ ಹೆಬ್ಬಾತಿಗೂ ಏನು ಸಂಬಂಧ ಎಂದು ಮುಂದಿನ ಪತ್ರದಲ್ಲಿ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹೆಬ್ಬಾತಿನ ಮಾಂಸಕ್ಕೆ ಈ ಹುಳಿ ಗೊಜ್ಜು ಹಾಕುತ್ತಿದ್ದರು, ಅದಕ್ಕೇ ಗೂಸ್‌ಬೆರಿ ಎನ್ನುವ ಕಥೆ ಎಲ್ಲರಿಗೂ ಇಷ್ಟ. ಫ್ರೆಂಚರು ಇದನ್ನೇ ಬಂಗುಡೆ ಮೀನಿನ ಹೆಸರಿನಿಂದ ಕರೆಯುತ್ತಾರಾದ್ದರಿಂದ ಕಥೆಗೆ ಸ್ವಲ್ಪ ಬಲವೂ ಬರುತ್ತದೆ. ಫ್ರೆಂಚ್ ಅಥವಾ ಜರ್ಮನ್ ಮಾತು ಕೆಟ್ಟು ಹೀಗಾಯಿತು ಎನ್ನುವವರೂ ಇದ್ದಾರೆ. ಆಕ್ಸ್‌ಫರ್ಡ್ ನಿಘಂಟಿನವರು ಮಾತ್ರ, ಗಿಡಗಳಿಗೆ ಪ್ರಾಣಿಗಳ ಹೆಸರು ಏಕೆ ಬೀಳುತ್ತದೆಂಬುದಕ್ಕೆ ಎಷ್ಟೋ ಸಲ ಕಾರಣವೇ ಸಿಗದು, ಆದ್ದರಿಂದ ಪದವನ್ನು ಇದ್ದ ಹಾಗೇ ಒಪ್ಪಿಕೊಳ್ಳಿ ಎಂಬ ನಿಲುವಿನವರು. ನನ್ನ ಓಟು ನಿಘಂಟಿಗೆ.

ನೀವು ಗೂಸ್‌ಗಾಗ್ ಅಂದರೆ ಆ ಹಿರಿಯರು ನಕ್ಕಾರು, ಖುಷಿಯಿಂದ. ಜ್ಯಾಮ್ ಮಾಡಿ ಮಾರುವುದಿದ್ದರೆ ಮಾತ್ರ ಶೀಷೆಯ ಮೇಲೆ ಗೂಸ್‌ಬೆರಿ ಎಂದೇ ಬರೆಯಿರಿ. ಎಳೆಯ ಹಸಿರು ಕಾಯಿ ಚಿತ್ರಾನ್ನಕ್ಕೆ, ತೊಕ್ಕಿಗೆ ಮಾವಿನಕಾಯಿಯ ಕೆಲಸ ಮಾಡುತ್ತದೆ. ತೊಟ್ಟು, ತುದಿ ಎರಡೂ ಚಿವುಟಿ ತೆಗೆಯಬೇಕು, ಆ ಬೇಸರದ ಕೆಲಸ ತಪ್ಪಿದ್ದಲ್ಲ. ಆಗಸ್ಟಿನ ಮೊದಲ ಮಂಗಳವಾರ ಬಿಡುವಿದ್ದರೆ ಉತ್ತರ ಯಾರ್ಕ್‌ಶೈರಿನ ಎಗ್ಟನ್ ಬ್ರಿಜ್ ಎಂಬ ಹಳ್ಳಿಗೆ ಹೋಗಿಬನ್ನಿ. 1800ರಿಂದ ಅಲ್ಲಿ ಗೂಸ್‌ಬೆರಿ ತೂಕದ ಸ್ಪರ್ಧೆ ನಡೆಯುತ್ತಿದೆ. 2019ರಲ್ಲಿ ಅಲ್ಲಿ ತೂಗಿದ ಒಂದು ಹಣ್ಣು 64.83 ಗ್ರಾಂ ಬಂದು ವಿಶ್ವದಾಖಲೆಯಾಯಿತು. ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯ ತೂಕ.

ಪ್ರಶ್ನೆ: ಮಗಳನ್ನು ಅವಳ ಗೆಳತಿಯ ಜೊತೆ ಸಿನಿಮಾಕ್ಕೆ ಹೋಗು ಎಂದೆ. ಆ ಹುಡುಗಿಯ ಜೊತೆ ಅವಳ ಹುಡುಗನೂ ಬರುತ್ತಾನಂತೆ. ‘ನಾನು ಗೂಸ್‌ಬೆರಿ ಆಗಲ್ಲಮ್ಮ’ ಎಂದು ಬಾಗಿಲು ಹಾಕಿಕೊಂಡಳು. ಏನಿದು?
— ಓದುಗರು, ರೆಡಿಂಗ್

ಉತ್ತರ: ಜೋಡಿಯ ನಡುವೆ ಬೇಡದ ಮೂರನೆಯವರಾಗಿ ಕೂರುವುದು. ನಾವು ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಅನ್ನುತ್ತೇವಲ್ಲ, ಅದು. ಕರಡಿಯೋ ಕರಡಿಗೆಯೋ ಎಂದು ನಮ್ಮಲ್ಲಿ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಇಂಗ್ಲಿಷರಲ್ಲಿ ಗೂಸ್‌ಬೆರಿಗೆ ಆ ಪಟ್ಟ ಏಕೆ ಬಂತೆಂದು ಅದಕ್ಕಿಂತ ಜೋರಾದ ಜಗಳವಿದೆ. ನಿಮ್ಮ ಮಗಳ ತೀರ್ಮಾನ ಸರಿಯಾಗಿದೆ, ಬಾಗಿಲು ತಟ್ಟಬೇಡಿ.

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಬಾಜೂ ಮನಿ ಅಜ್ಜಿ ಫೆಬ್ರುವರಿದಾಗ ಹಾಳ್ಯಾಗ ಸುತ್ತಿದ ಕೆಂಪನ್ನ ದಂಟು ತಂದು ಕೊಟ್ಟು ‘ಟಸ್ಕಿ’ ಅಂದ್ಲು. ಸಕ್ಕರಿ ಹಚ್ಚಿಕೊಂಡು ಹಸೀದ ತಿನ್ನು ಅಂತಾಳ. ಸೊಪ್ಪೋ ಹಣ್ಣೋ ತಿಳೀವಲ್ದು. ಧಾರವಾಡದಾಗ ಇಂಥಾದ್ದು ಕಂಡಿಲ್ರಿ. ಎಲಿ ಸೈತ ಪಲ್ಯಾ ಮಾಡಬಹುದೇನ್ರಿ?
— ಓದುಗರು, ಲೀಡ್ಸ್

ಉತ್ತರ: ಅಕ್ಕಾ, ಎಲಿ ಮುಟ್ಟಬ್ಯಾಡ್ರಿ! ಮೊದಲು ಅದನ್ನು ಹೇಳಿ ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಟಸ್ಕಿ ಎಂದರೆ ರುಬಾರ್ಬ್, ಅದರ ಎಲೆ ವಿಷ. ಅದರಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ. ಮೊದಲ ಮಹಾಯುದ್ಧದ ಕಾಲದಲ್ಲಿ ತರಕಾರಿಯ ಅಭಾವ ನೀಗಿಸಲು ಈ ಎಲೆ ತಿನ್ನಿ ಎಂದು ಬ್ರಿಟನ್ನಿನಲ್ಲಿ ಸಲಹೆ ಕೊಟ್ಟು, ತಿಂದವರು ಹಾಸಿಗೆ ಹಿಡಿದು, ಸಲಹೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ದಂಟು ಮಾತ್ರ ತಿನ್ನಬಹುದು. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದರೆ ಅವರ ತಟ್ಟೆಗೆ ದಂಟೂ ಬೇಡ.

ಟಸ್ಕಿ ಎನ್ನುವುದು ನೀವಿರುವ ಪಶ್ಚಿಮ ಯಾರ್ಕ್‌ಶೈರಿನ ಖಾಸಾ ಮಾತು. ಲೀಡ್ಸ್, ವೇಕ್‌ಫೀಲ್ಡ್ ಸುತ್ತಮುತ್ತ ಬೆಳೆದವರಿಗೆ ರುಬಾರ್ಬ್ ಎನ್ನುವುದು ಅಂಗಡಿಯ ಹೆಸರು, ಟಸ್ಕಿ ಎನ್ನುವುದು ಬಾಲ್ಯದ ಹೆಸರು. ಬುಡ ಬೆಳ್ಳಗಿದ್ದು ಆನೆಯ ದಂತದ ಹಾಗೆ ಕಾಣುತ್ತದೆ, ಅದಕ್ಕೇ ಟಸ್ಕಿ ಎಂದು ಕೆಲವರು ಬಿಡಿಸಿ ಹೇಳುತ್ತಾರೆ. ಕಥೆ ಚೆಂದವಾಗಿದೆ, ಆಧಾರ ತೆಳು. ಇಂಥ ಕಥೆಗಳು ಹೆಸರು ಹುಟ್ಟಿ ಎಷ್ಟೋ ಕಾಲದ ಮೇಲೆ ಹುಟ್ಟುವುದೇ ಹೆಚ್ಚು.

ಹೆಸರಿಗೆ ಆ ಊರೇ ಏಕೆ ಎಂದರೆ ಬೆಳೆಯೂ ಆ ಊರಿನದೇ. ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಎಂಬ ಮೂರು ಊರುಗಳ ನಡುವಿನ ನೆಲಕ್ಕೆ ರುಬಾರ್ಬ್ ತ್ರಿಕೋನ ಎಂದೇ ಹೆಸರು. ಗಿಡವನ್ನು ಎರಡು ವರ್ಷ ಬಯಲಿನಲ್ಲಿ ಬೆಳೆಸುತ್ತಾರೆ, ಕೊಯ್ಯುವುದಿಲ್ಲ. ಬೇರು ಸಾಕಷ್ಟು ಸತ್ತ್ವ ಕೂಡಿಟ್ಟುಕೊಂಡ ಮೇಲೆ, ಚಳಿಯ ಹೊಡೆತ ತಿನ್ನಲು ಬಿಟ್ಟು, ಅಗೆದು ಕತ್ತಲೆ ಕೊಟ್ಟಿಗೆಗೆ ಸಾಗಿಸುತ್ತಾರೆ. ಒಳಗೆ ಬೆಚ್ಚಗಿರುತ್ತದೆ, ಬೆಳಕಿರುವುದಿಲ್ಲ. ಬೆಳಕು ಹುಡುಕುತ್ತ ದಂಟು ಸರಸರನೆ ಏರುತ್ತದೆ, ಮೊಗ್ಗು ಬಿರಿಯುವ ಟಪ್ಪೆಂಬ ಸದ್ದು ಕೇಳುವಷ್ಟು ವೇಗ. ಕೊಯ್ಲು ಮೋಂಬತ್ತಿಯ ಬೆಳಕಿನಲ್ಲಿ. ಜೋರು ಬೆಳಕು ಬಿದ್ದರೆ ದಂಟು ಹಸಿರೇರಿ ಗಡುಸಾಗುತ್ತದೆ. ಸುತ್ತಲ ಉಣ್ಣೆ ಗಿರಣಿಗಳ ಕಸ ಒಳ್ಳೆಯ ಗೊಬ್ಬರವಾಯಿತು, ಗಣಿಯ ಕಲ್ಲಿದ್ದಲು ಕೊಟ್ಟಿಗೆಯನ್ನು ಬೆಚ್ಚಗಿಟ್ಟಿತು. ಹಂಗಾಮಿನಲ್ಲಿ ಲಂಡನ್ನಿಗೆ ಸರಕು ಹೊತ್ತೊಯ್ಯುತ್ತಿದ್ದ ರೈಲನ್ನು ಜನ ರುಬಾರ್ಬ್ ಎಕ್ಸ್‌ಪ್ರೆಸ್ ಅನ್ನುತ್ತಿದ್ದರು. 2010ರಲ್ಲಿ ಈ ಯಾರ್ಕ್‌ಶೈರ್ ರುಬಾರ್ಬಿಗೆ ಐರೋಪ್ಯ ಒಕ್ಕೂಟ ಊರಿನ ಹೆಸರಿನ ರಕ್ಷಣೆ ಕೊಟ್ಟಿತು, ನಮ್ಮ ನಂಜನಗೂಡು ರಸಬಾಳೆಗೆ ಇರುವಂಥದ್ದು. ಆ ಮುದ್ರೆಯ ಮೇಲೆ ಟಸ್ಕಿ ಎಂಬ ಮಾತಿಲ್ಲ. ಇರಬೇಕಿತ್ತು.

ಸಸ್ಯಶಾಸ್ತ್ರದ ಪ್ರಕಾರ ಅದು ಎಲೆಯ ದಂಟು, ತರಕಾರಿಯ ಸಾಲಿನದು. ಅಡುಗೆಮನೆಯಲ್ಲಿ ಹಣ್ಣು. 1947ರಲ್ಲಿ ಅಮೆರಿಕದ ಸುಂಕ ನ್ಯಾಯಾಲಯವೊಂದು ಅದನ್ನು ಹಣ್ಣೆಂದು ಪರಿಗಣಿಸಿ ಆಮದು ಸುಂಕವನ್ನು ಇಳಿಸಿಯೂ ಬಿಟ್ಟಿತು. ಗ್ರಂಥಿಗೆ ಅಂಗಡಿಯ ರೇವಾಚಿನ್ನಿ ಇದೇ ಕುಲದ ಗಿಡದ ಬೇರು. ನೀವು ದಂಟು ಹೆಚ್ಚಿ ತೊಗರಿಬೇಳೆಯ ಜೊತೆ ಬೇಯಿಸಿ ನೋಡಿ, ಹುಣಸೆಹಣ್ಣು ಬೇಕಾಗುವುದಿಲ್ಲ. ಬೆಲ್ಲ ಮಾತ್ರ ಒಂದು ಉಂಡೆ ಹೆಚ್ಚಿಗೆ ಹಾಕಿ.

ಪ್ರಶ್ನೆ: ಮಗನ ಮನೆಗೆ ಹಾಸನದಿಂದ ಬಂದಿದ್ದೇನೆ. ಸಂತೆಯಲ್ಲಿ ಸೇಬು ಕೇಳಿದರೆ ಅಂಗಡಿಯವನು ‘ಕುಕ್ಕರ್ ಬೇಕೋ ಈಟರ್ ಬೇಕೋ’ ಎಂದ. ಮನೆಯಲ್ಲಿ ಕುಕ್ಕರ್ ಇದೆಯಪ್ಪ, ಸೇಬು ಕೊಡು ಎಂದೆ. ಸೊಸೆ ಇವತ್ತಿಗೂ ನಗುತ್ತಾಳೆ.
— ಓದುಗರು, ನಾಟಿಂಗ್‌ಹ್ಯಾಮ್

ಉತ್ತರ: ಸೊಸೆ ನಗಲಿ ಬಿಡಿ ಅಮ್ಮ, ನೀವು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬೇಯಿಸುವ ಸೇಬು ಕುಕ್ಕರ್, ಹಾಗೇ ತಿನ್ನುವುದು ಈಟರ್. ಸೇಬನ್ನು ಹೀಗೆ ಎರಡು ಪಂಗಡ ಮಾಡಿ ಮಾರುವುದರಲ್ಲಿ ಬ್ರಿಟಿಷರಷ್ಟು ಶ್ರದ್ಧೆ ಇನ್ನಾರಿಗೂ ಇಲ್ಲ. ಕುಕ್ಕರುಗಳ ರಾಜ ಬ್ರಾಮ್ಲಿ ನೀವಿರುವ ಜಿಲ್ಲೆಯಲ್ಲೇ ಹುಟ್ಟಿದ್ದು. ಸೌತ್‌ವೆಲ್ ಊರಿನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬೀಜ ನೆಟ್ಟಳು. ಮುಂದೆ ಆ ಮನೆಯನ್ನು ಮ್ಯಾಥ್ಯೂ ಬ್ರಾಮ್ಲಿ ಎಂಬ ಕಟುಕ ಕೊಂಡ. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ತರುಣ ತೋಟಗಾರ ಕಡ್ಡಿ ಕೇಳಿದಾಗ, ಕೊಡುತ್ತೇನೆ, ಹಣ್ಣಿಗೆ ನನ್ನ ಹೆಸರಿರಬೇಕು ಎಂದ. ನೆಟ್ಟವಳ ಹೆಸರು ಬದಿಗೆ ಸರಿಯಿತು. ಸೊಸೆಗೆ ಈ ಕಥೆ ಹೇಳಿ, ನಗುವುದು ನಿಂತೀತು.

ಪ್ರಶ್ನೆ: ಡಂಡೀಯಲ್ಲಿ ಓದುತ್ತಿದ್ದೇನೆ. ಲಂಡನ್ನಿನಲ್ಲಿ ಬ್ಲ್ಯಾಕ್‌ಬೆರಿ ಅನ್ನಿಸಿಕೊಂಡದ್ದು ಇಲ್ಲಿ ‘ಬ್ರ್ಯಾಂಬಲ್’. ರಾಸ್ಪ್‌ಬೆರಿಗೆ ಬರೀ ‘ರಾಸ್ಪ್ಸ್’. ಸೋಮಾರಿತನದಿಂದ ಬಾಲ ಕತ್ತರಿಸಿದ್ದಾರೆಯೇ? ನಾನಿರುವ ಮನೆಯ ಯಜಮಾನಿ ಅಕ್ಟೋಬರ್ ಹತ್ತು ದಾಟಿದ ಮೇಲೆ ಬ್ರ್ಯಾಂಬಲ್ ಕೀಳಬಾರದು ಎಂದು ಗದರುತ್ತಾರೆ.
— ವಿದ್ಯಾರ್ಥಿ, ಡಂಡೀ

ಉತ್ತರ: ಬಾಲ ಕತ್ತರಿಸಿದ್ದಲ್ಲ, ಬಾಲ ಆಮೇಲೆ ಅಂಟಿಕೊಂಡದ್ದು. ಹಣ್ಣಿನ ಹಳೆಯ ಇಂಗ್ಲಿಷ್ ಹೆಸರು ‘ರಾಸ್ಪಿಸ್’, ಬೆರಿ ಸೇರಿದ್ದು ತಡವಾಗಿ. ಉತ್ತರ ಇಂಗ್ಲೆಂಡಿನಲ್ಲಿ ಅದಕ್ಕಿಂತ ಹಳೆಯ ‘ಹೈಂಡ್‌ಬೆರಿ’ ಎಂಬ ಮಾತೂ ಇತ್ತು. ನೀವಿರುವ ಕಡೆ ರಾಸ್ಪ್ಸ್ ಎಂದರೆ ಬರೀ ಹಣ್ಣಲ್ಲ, ಒಂದು ಹಂಗಾಮು. ಜುಲೈಯಲ್ಲಿ ಬ್ಲೇರ್‌ಗೌರಿಯ ಹೊಲಗಳಿಗೆ ಡಂಡೀಯ ಸಂಸಾರಗಳೂ ಅಲೆಮಾರಿ ಜನರೂ ಹಣ್ಣು ಬಿಡಿಸಲು ಹೋಗುತ್ತಿದ್ದರು. 1950ರ ದಶಕದಲ್ಲಿ ಜಾನಪದ ಸಂಗ್ರಾಹಕ ಹ್ಯಾಮಿಶ್ ಹೆಂಡರ್ಸನ್ ಆ ಹೊಲಗಳ ಬದುವಿನಲ್ಲಿ ಕೂತು ಅಲೆಮಾರಿಗಳ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಸ್ಕಾಟ್ಲೆಂಡಿನ ಜಾನಪದಕ್ಕೆ ಅದೊಂದು ನಿಧಿ. ನಿಮ್ಮ ಊರಿನ ಪಕ್ಕದ ಇನ್ವರ್‌ಗೌರಿಯ ಸಂಶೋಧನಾಲಯ 1979ರಲ್ಲಿ ಬ್ಲ್ಯಾಕ್‌ಬೆರಿಗೂ ರಾಸ್ಪ್‌ಬೆರಿಗೂ ಹುಟ್ಟಿದ ತಳಿಯೊಂದನ್ನು ಹೊರತಂದು, ಟೇ ನದಿಯ ನೆನಪಿಗೆ ಟೇಬೆರಿ ಎಂದಿತು. ಸರ್ಕಾರಿ ಹೆಸರುಗಳಲ್ಲಿ ಇದೊಂದು ಪರವಾಗಿಲ್ಲ.

ಬ್ರ್ಯಾಂಬಲ್ ಎಂದರೆ ದಕ್ಷಿಣದವರಿಗೆ ಮುಳ್ಳುಪೊದೆ ಮಾತ್ರ, ಹಣ್ಣು ಬ್ಲ್ಯಾಕ್‌ಬೆರಿ. ಸ್ಕಾಟ್ಲೆಂಡಿನಲ್ಲಿ, ಉತ್ತರ ಇಂಗ್ಲೆಂಡಿನ ಬಹುಭಾಗದಲ್ಲಿ ಪೊದೆಗೂ ಹಣ್ಣಿಗೂ ಅದೇ ಹೆಸರು. ಡರಂ, ಕಂಬ್ರಿಯಾ ಕಡೆಯ ಮುದುಕರಲ್ಲಿ ವಿಚಾರಿಸಿದರೆ ‘ಬಂಬಲ್‌ಕೈಟ್’ ಎಂಬ ರತ್ನವೂ ಸಿಗಬಹುದು. ಕೈಟ್ ಅಂದರೆ ಅಲ್ಲಿನ ಮಾತಿನಲ್ಲಿ ಹೊಟ್ಟೆ, ಗಾಳಿಪಟವಲ್ಲ. ಹೆಚ್ಚು ತಿಂದರೆ ಹೊಟ್ಟೆ ಗುಡುಗುತ್ತದೆ ಎಂಬ ಅನುಭವವೇ ಹೆಸರಾಗಿದೆ.

ಯಜಮಾನಿಯ ಗದರಿಕೆಗೂ ವಂಶಾವಳಿಯಿದೆ. ಸೈತಾನನನ್ನು ಸ್ವರ್ಗದಿಂದ ನೂಕಿದಾಗ ಅವನು ಈ ಮುಳ್ಳಿನ ಮೇಲೆ ಬಿದ್ದನಂತೆ. ಆ ಸಿಟ್ಟಿಗೆ ಪ್ರತಿವರ್ಷ ಮೈಕಲ್ ದೇವದೂತನ ಹಬ್ಬದ ದಿನ ಬಂದು ಹಣ್ಣಿನ ಮೇಲೆ ಉಗುಳುತ್ತಾನೆ. ಕೆಲವು ಸೀಮೆಗಳಲ್ಲಿ ಉಗುಳುವುದಕ್ಕಿಂತ ಕೀಳಾದದ್ದನ್ನೂ ಮಾಡುತ್ತಾನೆ. ಹಬ್ಬ ಸೆಪ್ಟೆಂಬರ್ 29ಕ್ಕೆ. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿದಾಗ ಹಳೆಯ ಲೆಕ್ಕದ ಹಬ್ಬ ಅಕ್ಟೋಬರ್ ಹತ್ತರ ಆಸುಪಾಸಿಗೆ ಬಂತು, ನಿಮ್ಮ ಯಜಮಾನಿಯ ಮನೆತನ ಆ ಹಳೆಯ ಲೆಕ್ಕವನ್ನೇ ಹಿಡಿದಿದೆ. ಸೈತಾನನನ್ನು ಬಿಟ್ಟರೂ ಮಾತು ಸರಿ. ಅಷ್ಟು ಹೊತ್ತಿಗೆ ಹಣ್ಣು ನೀರಾಗಿ, ಬೂಷ್ಟು ಹಿಡಿದು, ರುಚಿ ಕೆಟ್ಟಿರುತ್ತದೆ.

ಪ್ರಶ್ನೆ: ಶ್ರಾಪ್‌ಶೈರಿನಲ್ಲಿ ವೈದ್ಯನಾಗಿದ್ದೇನೆ. ರೋಗಿಯೊಬ್ಬರು ‘ವಿಂಬೆರಿ’ ಕಡುಬು ತಂದುಕೊಟ್ಟರು. ನರ್ಸ್ ಅದು ಬಿಲ್‌ಬೆರಿ ಎಂದರು. ಡೆವನ್ನಿನಿಂದ ಬಂದ ಸಹೋದ್ಯೋಗಿ ‘ವರ್ಟ್ಸ್’ ಎಂದ, ಸ್ಕಾಟ್ಲೆಂಡಿನವಳು ‘ಬ್ಲೇಬೆರಿ’ ಎಂದಳು. ನಾನು ಬ್ಲೂಬೆರಿ ಅಂದದ್ದಕ್ಕೆ ನಾಲ್ವರೂ ಒಟ್ಟಾಗಿ ನನ್ನ ಮೇಲೆ ಬಿದ್ದರು.
— ಓದುಗರು, ಶ್ರೂಸ್‌ಬರಿ

ಉತ್ತರ: ನಾಲ್ವರ ಹಣ್ಣೂ ಒಂದೇ. ನಿಮ್ಮದು ಮಾತ್ರ ಬೇರೆ. ಅಂಗಡಿಯ ಬ್ಲೂಬೆರಿ ಅಮೆರಿಕದ ಎತ್ತರದ ಪೊದೆಯದು, ಕತ್ತರಿಸಿದರೆ ಒಳಗೆ ತಿಳಿಹಸಿರು. ವಿಂಬೆರಿ ಮೊಣಕಾಲೆತ್ತರವೂ ಇಲ್ಲದ ಗುಡ್ಡದ ಗಿಡದ್ದು, ತಿರುಳೂ ಕಡುನೇರಳೆ. ತಿಂದವರ ನಾಲಿಗೆ, ತುಟಿ, ಅಂಗಿ ಎಲ್ಲ ಸಾಕ್ಷಿ ಹೇಳುತ್ತವೆ. ಯಾರ್ಕ್‌ಶೈರಿನಲ್ಲಿ ಈ ಕಡುಬಿಗೆ ‘ಕೊಳಕುಬಾಯಿ ಕಡುಬು’ ಎಂಬರ್ಥದ ಹೆಸರೇ ಇದೆ, ಸತ್ತವರ ಮನೆಯ ಊಟದಲ್ಲಿ ಬಡಿಸುತ್ತಿದ್ದರು. ದುಃಖದ ದಿನ ಎಲ್ಲರ ಬಾಯೂ ನೇರಳೆಯಾಗಿ ಕೂತಿರುವುದನ್ನು ಊಹಿಸಿಕೊಳ್ಳಿ.

ಒಂದು ಹಣ್ಣಿಗೆ ಇಷ್ಟು ಹೆಸರು ಏಕೆ ಎಂದು ನೀವು ಬೆರಗಾಗಬೇಕಿಲ್ಲ. ಮೈಸೂರಿನ ಸೀಬೆ ಮಂಗಳೂರಿಗೆ ಹೋಗುವಷ್ಟರಲ್ಲಿ ಪೇರಳೆಯಾಗುತ್ತದೆ, ಬೇರೆ ಕಡೆ ಚೇಪೆ. ಆದರೆ ನಮ್ಮ ಸೀಬೆ ಎಲ್ಲ ಸಂತೆಗೂ ಬಂತು, ವಿಂಬೆರಿ ಬರಲಿಲ್ಲ. ಅದಕ್ಕೆ ಹುಳಿಮಣ್ಣು ಬೇಕು, ಗುಡ್ಡದ ಗಾಳಿ ಬೇಕು. ತೋಟದಲ್ಲಿ ನೆಟ್ಟರೆ ಮುನಿಸಿಕೊಳ್ಳುತ್ತದೆ. ಹೀಗಾಗಿ ಒಂದೊಂದು ಗುಡ್ಡದ ಜನ ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರು, ವ್ಯಾಪಾರಿ ಬಂದು ಒಂದೇ ಹೆಸರಿನಡಿ ತರುವ ಪ್ರಮೇಯ ಬರಲಿಲ್ಲ. ಎಕ್ಸ್‌ಮೂರ್ ಕಡೆ ವರ್ಟ್ಸ್, ಸರ್ರೆಯಲ್ಲಿ ‘ಹರ್ಟ್ಸ್’, ವೇಲ್ಸ್‌ನಲ್ಲಿ ಹೆಚ್ಚುಕಡಿಮೆ ‘ಸ್ಲೀಸ್’ ಎಂದು ಕಿವಿಗೆ ಬೀಳುವ ಮಾತು. ಐರ್ಲೆಂಡಿನಲ್ಲಿ ‘ಫ್ರಾಹನ್’, ಜುಲೈಯ ಕೊನೆಯ ಭಾನುವಾರ ಊರಿಗೆ ಊರೇ ಅದನ್ನು ಕೀಳಲು ಗುಡ್ಡ ಹತ್ತುತ್ತಿತ್ತು. ಸ್ಕಾಟ್ಲೆಂಡಿನ ‘ಬ್ಲೇ’ ಎಂದರೆ ಕಪ್ಪಿಗೆ ತಿರುಗಿದ ನೀಲಿ.

ನಿಮ್ಮ ಊರಿನ ಹತ್ತಿರದ ಲಾಂಗ್ ಮಿಂಡ್, ಸ್ಟೈಪರ್‌ಸ್ಟೋನ್ಸ್ ಗುಡ್ಡಗಳಲ್ಲಿ ಹಿಂದೆ ವಿಂಬೆರಿ ಕೀಳುವುದು ಬಡವರ ಸಂಪಾದನೆ. ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ದಿನವಿಡೀ ಬಗ್ಗಿ ಕೀಳುತ್ತಿದ್ದರು, ಆ ದುಡ್ಡಿನಲ್ಲಿ ಮಕ್ಕಳಿಗೆ ಚಳಿಗಾಲದ ಬೂಟು ಬರುತ್ತಿತ್ತು. ಕಡುಬು ತಂದವರು ಹಿರಿಯರಾಗಿದ್ದರೆ ಮುಂದಿನ ಭೇಟಿಯಲ್ಲಿ ರಕ್ತದೊತ್ತಡ ನೋಡಿದ ಮೇಲೆ ಎರಡು ನಿಮಿಷ ಇದನ್ನು ಕೇಳಿ.

ಪ್ರಶ್ನೆ: ಹತ್ತು ವರ್ಷದ ಮಗ ಪಕ್ಕದ ಬೀದಿಯ ತೋಟಕ್ಕೆ ನುಗ್ಗಿ ಸೇಬು 'ಸ್ಕ್ರಂಪ್' ಮಾಡಿದನಂತೆ. ಯಜಮಾನರು ನಗುತ್ತಲೇ ದೂರು ಹೇಳಿದರು. ಇದು ಕಳ್ಳತನವೋ ಅಲ್ಲವೋ? ಇಂಗ್ಲಿಷಿನಲ್ಲಿ ಇದಕ್ಕೊಂದು ಪ್ರತ್ಯೇಕ ಕ್ರಿಯಾಪದ ಇರುವುದೇ ನನಗೆ ಆಶ್ಚರ್ಯ.
— ಓದುಗರು, ಬ್ರಿಸ್ಟಲ್

ಉತ್ತರ: ಕಳ್ಳತನವೇ. 1968ರ ಕಳವು ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಡುಗಿಡದ ಹಣ್ಣು, ಹೂವು, ಎಲೆ ಕೀಳುವವರಿಗೆ ವಿನಾಯಿತಿ ಕೊಟ್ಟಿದೆ, ಮಾರುವ ಉದ್ದೇಶ ಇಲ್ಲದಿದ್ದರೆ. ಬೇಲಿಸಾಲಿನ ಬ್ಲ್ಯಾಕ್‌ಬೆರಿ ಆ ಲೆಕ್ಕದಲ್ಲಿ ಪಾರು. ತೋಟದಲ್ಲಿ ನೆಟ್ಟು ಬೆಳೆಸಿದ ಸೇಬಿಗೆ ಆ ವಿನಾಯಿತಿ ಇಲ್ಲ. ನೆರೆಯವರ ಕೊಂಬೆ ನಿಮ್ಮ ಅಂಗಳಕ್ಕೆ ಚಾಚಿದರೆ ಕೊಂಬೆ ಕಡಿಯುವ ಹಕ್ಕು ನಿಮ್ಮದು, ಹಣ್ಣು ಅವರದು.

ಸ್ಕ್ರಂಪ್ ಎಂದರೆ ಮೂಲದಲ್ಲಿ ಸುಕ್ಕಿದ, ಪುಟ್ಟ ಸೇಬು. ಹೇಗೂ ಬಿದ್ದು ಹೋಗುವ ಹಣ್ಣು ಆಯುವುದು ಎಂಬ ಅರ್ಥದಿಂದ ಕದಿಯುವುದಕ್ಕೆ ಜಾರಿದೆ, ಮಾತಿನಲ್ಲೇ ಅರ್ಧ ಕ್ಷಮೆ ಅಡಗಿದೆ. ನಿಮ್ಮ ಸೀಮೆಯ ಒರಟು ಸೈಡರ್ ಪಾನೀಯ ‘ಸ್ಕ್ರಂಪಿ’ಯೂ ಅದೇ ಬೇರಿನದು. ಇದಕ್ಕೆ ಒಂದಲ್ಲ, ಹಲವು ಕ್ರಿಯಾಪದಗಳಿವೆ. ಉತ್ತರ ಐರ್ಲೆಂಡಿನ ಮಕ್ಕಳಿಗೆ ಇದು ‘ಪ್ರಾಗಿಂಗ್’, ಡಬ್ಲಿನ್ನಿನವರಿಗೆ ‘ಬಾಕ್ಸಿಂಗ್ ದ ಫಾಕ್ಸ್’. ಇನ್ನು ಕೊಯ್ಲು ಮುಗಿದ ಮೇಲೆ ಮರದಲ್ಲಿ ಉಳಿದ ಪುಟಾಣಿ ಸೇಬುಗಳು ವಿಲ್ಟ್‌ಶೈರ್, ಡಾರ್ಸೆಟ್ ಕಡೆ ‘ಗ್ರಿಗಲ್ಸ್’. ಅವನ್ನು ಮಕ್ಕಳು ಉದುರಿಸಿಕೊಳ್ಳಲು ಬಿಡುವುದು ವಾಡಿಕೆ. ಮಗನಿಗೆ ಹೇಳಿ, ಗ್ರಿಗಲ್ಸ್ ಕೇಳಿ ಪಡೆಯಬಹುದು, ಸ್ಕ್ರಂಪ್ ಮಾಡಬಾರದು.

ಕೇಳದಿದ್ದರೆ ಸ್ಕಾಟ್ಲೆಂಡಿನ ‘ಬ್ಲಡಿ ಪ್ಲೌಮನ್’ ಸೇಬಿನ ಐತಿಹ್ಯ ಹೇಳಿ. ಮೆಗಿಂಚ್ ಎಸ್ಟೇಟಿನಲ್ಲಿ ಸೇಬು ಕದಿಯುತ್ತಿದ್ದ ಉಳುವವನೊಬ್ಬನಿಗೆ ಕಾವಲುಗಾರ ಗುಂಡು ಹೊಡೆದನಂತೆ. ಹೆಣದ ಜೊತೆ ಬಂದ ಚೀಲದ ಸೇಬನ್ನು ಹೆಂಡತಿ ತಿಪ್ಪೆಗೆ ಸುರಿದಳಂತೆ. ಅಲ್ಲಿ ಮೊಳೆತ ಗಿಡದ ಹಣ್ಣು ರಕ್ತಗೆಂಪು. ನಿಜವೋ ಸುಳ್ಳೋ, ತಳಿ ಮಾತ್ರ ಇಂದಿಗೂ ನರ್ಸರಿಗಳಲ್ಲಿ ಸಿಗುತ್ತದೆ. ನಿಮ್ಮ ಪಕ್ಕದ ಗ್ಲಾಸ್ಟರ್‌ಶೈರ್ ಈ ವಿಷಯದಲ್ಲಿ ಇನ್ನೂ ನಿರ್ಭಿಡೆ. ಅಲ್ಲಿನ ಒಂದು ಸೈಡರ್ ಸೇಬಿನ ಹೆಸರಿಗೆ ಕೋಳಿಹಿಕ್ಕೆ ಎಂದರ್ಥ. ಒಂದು ಪೇರ್ ಹಣ್ಣಿಗೆ ‘ಸ್ಟಿಂಕಿಂಗ್ ಬಿಷಪ್’, ಅಂದರೆ ನಾರುವ ಬಿಷಪ್. ಪಾದ್ರಿಗೂ ಅದಕ್ಕೂ ಸಂಬಂಧವಿಲ್ಲ, ಬಿಷಪ್ ಎಂಬ ಅಡ್ಡಹೆಸರಿನ ಸಿಡುಕು ರೈತನೊಬ್ಬನ ಮೇಲಿನ ಸೇಡು ಎನ್ನುತ್ತಾರೆ. ಆ ಪೇರ್ ಮದ್ಯದಲ್ಲಿ ತೊಳೆದ ಚೀಸಿಗೂ ಅದೇ ಹೆಸರು. ಅದು ನಿಜವಾಗಿಯೂ ನಾರುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ಪಾಠ ಮಾಡುವಾಗಲೆಲ್ಲ ಮೆಡ್ಲರ್ ಹಣ್ಣಿನ ಸಾಲು ಬಂದರೆ ವೇಗ ಹೆಚ್ಚಿಸುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ, ಧೈರ್ಯವಾಗಿ ಕೇಳುತ್ತೇನೆ: ಅದು ನಿಜಕ್ಕೂ ತೋಟದವರ ಮಾತೇ, ಕವಿಯ ಚೇಷ್ಟೆಯೇ?
— ಓದುಗರು, ಮೈಸೂರು

ಉತ್ತರ: ತೋಟದವರ ಮಾತೇ ಸರ್. ಷೇಕ್ಸ್‌ಪಿಯರ್ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ, ಹಳೆ ಇಂಗ್ಲಿಷಿನಲ್ಲೇ, ಮೆಡ್ಲರಿಗೆ ‘ತೆರೆದ ಪೃಷ್ಠ’ ಎಂಬ ನೇರವಾದ ಹೆಸರಿತ್ತು. ಚಾಸರ್ ಕೂಡ ಬಳಸಿದ್ದಾನೆ. ಹಣ್ಣಿನ ಬುಡ ನೋಡಿದವರು ಬೇರೆ ಹೆಸರು ಇಡಲಾರರು, ಫ್ರೆಂಚರೂ ನಾಯಿಯನ್ನು ಎಳೆತಂದು ಅದನ್ನೇ ಹೇಳಿದ್ದಾರೆ. ಮೆಡ್ಲರ್ ಎನ್ನುವುದೇ ಸಭ್ಯರಿಗಾಗಿ ಫ್ರೆಂಚಿನಿಂದ ತಂದ ಮುಸುಕು. ಓಡುತ್ತಿದ್ದವರು ನೀವೊಬ್ಬರೇ ಅಲ್ಲ. 1597ರ ಮೊದಲ ಮುದ್ರಣದಲ್ಲೇ ಆ ಪದದ ಜಾಗದಲ್ಲಿ ‘ಇತ್ಯಾದಿ’ ಎಂದು ಹಾಕಿ ದಾಟಿಸಿದ್ದಾರೆ. ಹಣ್ಣು ಕಿತ್ತ ಕೂಡಲೇ ತಿನ್ನುವಂಥದಲ್ಲ. ಹುಲ್ಲಿನ ಮೇಲೆ ವಾರಗಟ್ಟಲೆ ಇಟ್ಟು, ಕಂದಾಗಿ ಕಳಿತ ಮೇಲೆ ರುಚಿ.

ಪ್ರಶ್ನೆ: ಇಂಥ ಮಾತುಗಳನ್ನು ಯಾರಾದರೂ ಕೂಡಿಸಿಟ್ಟಿದ್ದಾರೆಯೇ? ಈಗಿನ ಮಕ್ಕಳಿಗೆ ಸೂಪರ್ ಮಾರ್ಕೆಟ್ಟಿನ ಹೆಸರು ಮಾತ್ರ ಗೊತ್ತು.
— ಓದುಗರು, ಬೆಂಗಳೂರು

ಉತ್ತರ: ಕೂಡಿಸಿಟ್ಟಿದ್ದಾರೆ, ಕೂಡಿಸಿದವರ ಕಥೆಯೇ ಒಂದು ಪುರಾಣ. ಜೋಸೆಫ್ ರೈಟ್ 1855ರಲ್ಲಿ ಯಾರ್ಕ್‌ಶೈರಿನ ಥ್ಯಾಕ್ಲಿಯಲ್ಲಿ ಹುಟ್ಟಿದ. ಆರನೆಯ ವಯಸ್ಸಿಗೆ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆಯುವ ಕೆಲಸ, ಆಮೇಲೆ ಸಾಲ್ಟೇರಿನ ಗಿರಣಿಯಲ್ಲಿ ನೂಲಿನ ಕದಿರು ಬದಲಿಸುವ ಕೆಲಸ. ಓದಲು ಕಲಿತದ್ದು ಹದಿನೈದರಲ್ಲಿ. ಕೂಡಿಟ್ಟ ದುಡ್ಡು ಹಿಡಿದು ಜರ್ಮನಿಯ ಹೈಡೆಲ್‌ಬರ್ಗಿಗೆ ಹೋದವನು, ಆಂಟ್ವರ್ಪಿನಿಂದ ಅಷ್ಟು ದೂರ ನಡೆದೇ ಹೋದ. 1901ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ. 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಅವನ ಇಂಗ್ಲಿಷ್ ಉಪಭಾಷಾ ನಿಘಂಟು ಇವತ್ತಿಗೂ ನನ್ನಂಥವರ ಅನ್ನದ ತಟ್ಟೆ. ಮನೆಯಲ್ಲಿ ತನ್ನ ಯಾರ್ಕ್‌ಶೈರ್ ಮಾತನ್ನು ಬಿಡದ ಮನುಷ್ಯ, ಟೋಲ್ಕಿನ್ನನಿಗೆ ಗುರು.

ಅರ್ಧ ಶತಮಾನದ ಮೇಲೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಇನ್ನೊಂದು ದೊಡ್ಡ ಸಮೀಕ್ಷೆ ಹೂಡಿದರು. 1950ರಿಂದ 1961ರವರೆಗೆ 313 ಊರುಗಳಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಶ್ನೆ. ಉತ್ತರಿಸಿದವರು ಹೆಚ್ಚಾಗಿ ಅದೇ ಹಳ್ಳಿಯಲ್ಲಿ ಹುಟ್ಟಿ ಮುದುಕರಾದ ರೈತಾಪಿ ಗಂಡಸರು. ಹಲ್ಲು, ಕಿವಿ ನೆಟ್ಟಗಿರಬೇಕು ಎಂಬ ನಿಯಮ ಬೇರೆ. ನನಗೆ ಇದರಲ್ಲೊಂದು ತಕರಾರಿದೆ. ಹಿತ್ತಲಿನ ಹಣ್ಣು ಕಿತ್ತವರು, ಜ್ಯಾಮ್ ಕಾಯಿಸಿದವರು, ಕಡುಬು ಬೇಯಿಸಿದವರು ಹೆಂಗಸರು; ಕದ್ದವರು ಮಕ್ಕಳು. ಅವರಿಬ್ಬರನ್ನೂ ಕಡಿಮೆ ಕೇಳಿ ಗಂಡಸರ ಬಳಿ ಹಣ್ಣಿನ ಹೆಸರು ಹುಡುಕಿದರೆ ಅರ್ಧ ಸಂಪತ್ತು ಕೈತಪ್ಪುತ್ತದೆ. ಆ ಕೊರತೆ ಕೊಂಚ ತುಂಬಿದ್ದು ಐಯೋನಾ ಮತ್ತು ಪೀಟರ್ ಓಪಿ ದಂಪತಿ. ಶಾಲಾಮಕ್ಕಳ ಮಾತು, ಆಟ, ಬೈಗುಳಗಳನ್ನು ಮಕ್ಕಳಿಂದಲೇ ಕೇಳಿ ಬರೆದ ಅವರ ಪುಸ್ತಕ 1959ರಲ್ಲಿ ಬಂತು.

ಮಾತು ಸಾಯುತ್ತಿದೆ ಎಂಬ ಗೋಳು ರೈಟ್‌ನ ಕಾಲದಲ್ಲೂ ಇತ್ತು. ಫೇಬೆರಿ ಬಹುಪಾಲು ಹೋಯಿತು, ನಿಜ. ಗೂಸ್‌ಗಾಗ್, ಟಸ್ಕಿ, ವಿಂಬೆರಿ, ಬ್ರ್ಯಾಂಬಲ್ ಗಟ್ಟಿಯಾಗಿವೆ, ಹಣ್ಣು ಇನ್ನೂ ಮನೆಯ ಹಿಂದೆ ಬೆಳೆಯುತ್ತಿರುವ ತನಕ ಇರುತ್ತವೆ. ಬ್ರಿಟನ್ನಿನಲ್ಲಿರುವ ಓದುಗರಲ್ಲಿ ಒಂದು ಬೇಡಿಕೆ. ನೆರೆಯವರಿಂದ ಇಂಥ ಹೆಸರು ಕೇಳಿದರೆ ಕೇಳಿದ ಹಾಗೇ ಕನ್ನಡದಲ್ಲಿ ಬರೆದು ಕಳಿಸಿ, ಇಂಗ್ಲಿಷ್ ಕಾಗುಣಿತ ತಿದ್ದಲು ಹೋಗಬೇಡಿ. ಊರು, ಹೇಳಿದವರ ಅಂದಾಜು ವಯಸ್ಸು, ಅವರು ಬೆಳೆದ ಸೀಮೆ ಜೊತೆಗಿರಲಿ, ಹೆಸರು ಬೇಡ. ಹಣ್ಣಿನ ಒಂದು ಫೋಟೊ ಇರಲೇಬೇಕು, ಇಲ್ಲದಿದ್ದರೆ ಡ್ಯೂಬೆರಿಯ ಗೊಂದಲ ಮತ್ತೆ ಶುರುವಾಗುತ್ತದೆ.